ಸವ್ವಿಶ್ನಾ ಅಜ್ಜಿಯ ಹೊಗೆ, ಪೈನ್ ಕಾಡಿನ ಬೆಳಕು

ವ್ಯಾಟ್ಕಾ ನದಿ ದಂಡೆಯ ಪೈನ್ ಕಾಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಂದೆ ಕಪಿತೋಲಿನಾ ಸವ್ವಿಶ್ನಾ ಅಜ್ಜಿ ನಡೆಯುತ್ತಿದ್ದಾಳೆ. ಕೈಯಲ್ಲಿ ತೂತು ಕೊರೆದ ತಗಡಿನ ಬಕೆಟ್ಟು, ಅದರೊಳಗೆ ಕೆಂಡ. ಹಿಂದೆ ಬಣ್ಣದ ಪೆಟ್ಟಿಗೆ ಹೊತ್ತ ಚಿತ್ರಕಾರರು. ಮರಗಳ ನಡುವಿನ ಬಯಲು ಸಿಕ್ಕಿದ್ದೇ ತಡ, ಅಜ್ಜಿ ಕೆಂಡಕ್ಕೆ ಒಣಗಿದ ಪೈನ್ ಕಾಯಿ ಸುರಿದು ಮೇಲೆ ಹಸಿ ಪಾಚಿ ಹೊದಿಸುತ್ತಾಳೆ. ಹೊಗೆ ಏಳುತ್ತದೆ, ಸೊಳ್ಳೆಗಳ ದಂಡು ಹಿಂದೆ ಸರಿಯುತ್ತದೆ.

ಎಲ್ಲವೂ ಸರಿಯುವುದಿಲ್ಲ. ಕೆಲವು ಹೋಗಿ ಚಿತ್ರದಲ್ಲಿನ ಹಸಿ ಬಣ್ಣದ ಆಕಾಶಕ್ಕೆ ಅಂಟಿಕೊಳ್ಳುತ್ತವೆ. ಅವನ್ನು ಹೊಲಿಗೆ ಸೂಜಿಯ ಮೊನೆಯಿಂದ, ಬಣ್ಣ ಕದಡದ ಹಾಗೆ ಎತ್ತುವುದೂ ಅಜ್ಜಿಯ ಕೆಲಸವೇ. “ಬರೆಯೋದು ಅವರ ಪಾಡು, ಸೊಳ್ಳೆ ಕೀಳೋದು ನನ್ನ ಪಾಡು. ಚಿತ್ರದ ಕೆಳಗೆ ಸಹಿ ಮಾತ್ರ ಅವರದ್ದೇ, ನೋಡಿ!” ಎಂದು ನಗುತ್ತಾಳೆ.

ಇದೇ ಕಾಡಿನಲ್ಲಿ ಗಂಡನ ಜೊತೆ ಪೈನ್ ಮರ ಗೀರಿ ಅಂಟು ಇಳಿಸುತ್ತಿದ್ದವಳು. ಅಂಟಿನ ಕಾರ್ಖಾನೆ ಮುಚ್ಚಿತು, ಗಂಡನೂ ತೀರಿಹೋದ. ಬೇಸಿಗೆಗೆ ಬರುವ ಚಿತ್ರಕಾರರ ವಸತಿಯಲ್ಲಿ ಒಲೆ ಉರಿಸುವ ಕೆಲಸ ಸಿಕ್ಕಿತು. ಹೊಗೆಯ ಕೆಲಸ ಯಾರೂ ವಹಿಸಿದ್ದಲ್ಲ. ಪ್ಲಾಟೋನ್ ಆರ್ಸೆನ್ಯಿಚ್ ಎಂಬ ಚಿತ್ರಕಾರ ಒಂದು ಬೆಳಗ್ಗೆ ಸೊಳ್ಳೆ ಕಚ್ಚಿ ಮುಖವೆಲ್ಲ ಊದಿಸಿಕೊಂಡು ಗಂಜಿಗೆ ಬಂದು ಕೂತಿದ್ದ. ಅದನ್ನು ಕಂಡ ಅಜ್ಜಿ ಮರುದಿನ ತಾನೇ ಬಕೆಟ್ಟು ಹಿಡಿದು ಹೊರಟಳು.

ಅದೇ ಪ್ಲಾಟೋನ್ ಕಳೆದ ಬೇಸಿಗೆ ದೃಷ್ಟಿ ಮಂಜಾದ ಕಣ್ಣು ಹೊತ್ತು ಬಂದ. ಮುಂದಿನ ವರ್ಷ ಬಣ್ಣಗಳ ಗುರುತು ಸಿಗುವುದು ಅನುಮಾನ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಅವನ ಕೊನೆಯ ದೊಡ್ಡ ಚಿತ್ರ ಈ ಕಾಡಿನದು. ಮರಗಳೇನೋ ಬಂದವು, ಬೆಳಕು ಮಾತ್ರ ಬರಲೊಲ್ಲದು. ದಿನವೂ ಬರೆಯುವುದು, ದಿನವೂ ಕೆರೆದು ತೆಗೆಯುವುದು. “ಬೇಲಿ ಬರ್ದಿದೀನಿ ಕಣೆ, ಕಾಡಲ್ಲ,” ಎಂದು ಅಜ್ಜಿಯೆದುರು ಗೊಣಗುತ್ತಿದ್ದ.

ಒಂದು ಮುಂಜಾನೆ ಅವನ ಕುತ್ತಿಗೆ ತುಂಬ ಸೊಳ್ಳೆ ಕಂಡು ಅಜ್ಜಿ ಪಾಚಿಯನ್ನು ಬೊಗಸೆ ಬೊಗಸೆ ಸುರಿದುಬಿಟ್ಟಳು. ಬಯಲೆಲ್ಲ ಹೊಗೆ.

“ಏನೇ ಸವ್ವಿಶ್ನಾ, ನನ್ನನ್ನೇನು ಮೀನು ಅಂದ್ಕೊಂಡ್ಯಾ, ಹೊಗೆಯಲ್ಲಿ ಒಣಗಿಸೋಕೆ?”

“ಬೈಬೇಡ್ವೋ, ಆರಿಸ್ತೀನಿ!” ಎಂದು ಅಜ್ಜಿ ಚಹಾದ ಕೆಟಲು ಎತ್ತಿದಳು. ಅಷ್ಟರಲ್ಲಿ ಬಿಸಿಲು ಮರಗಳ ನಡುವೆ ಇಳಿದು, ಆ ಹೊಗೆಯೊಳಗೆ ಓರೆ ಕೋಲುಗಳಾಗಿ ನಿಂತಿತು.

“ಆರಿಸ್ಬೇಡ! ಇನ್ನೂ ಹಾಕು, ಹಾಕು!” ಎಂದು ಪ್ಲಾಟೋನ್ ಕುಂಚ ಎತ್ತಿಕೊಂಡ.

ಅಜ್ಜಿ ಮಂಡಿಯೂರಿ ಊದಿದಳು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನ ತುದಿಯನ್ನು ಸೆರಗಿನಂತೆ ಹಿಡಿದು ಬೀಸಿದಳು. ಕಣ್ಣಲ್ಲಿ ಧಾರಾಕಾರ ನೀರು. ಬಿಸಿಲು ಮೇಲೇರುವ ತನಕ ಅವನು ಬರೆದ. ಅಂದು ಬರೆದದ್ದನ್ನು ಕೆರೆಯಲಿಲ್ಲ.

ಮೊನ್ನೆ ಆ ಚಿತ್ರ ಪಟ್ಟಣದ ಗ್ಯಾಲರಿಗೆ ಬಂದಿದೆ. ಅಜ್ಜಿ ಹೂವಿನ ತಲೆವಸ್ತ್ರ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿದ್ದಾಳೆ. ಚಿತ್ರದ ಮುಂದೆ ಹೆಂಗಸೊಬ್ಬಳು, “ಆಹಾ, ಬೆಳಗಿನ ಮಂಜು! ಮೈ ತಣ್ಣಗಾಗುತ್ತೆ,” ಎನ್ನುತ್ತಾಳೆ. ಪಕ್ಕದಲ್ಲಿದ್ದ ಪ್ಲಾಟೋನ್ ಅದು ಮಂಜಲ್ಲ ಎಂದು ಹೇಳಲು ಬಾಯಿ ತೆರೆದರೆ ಅಜ್ಜಿ ಮೊಣಕೈಯಿಂದ ತಿವಿಯುತ್ತಾಳೆ: “ಸುಮ್ನಿರು. ಹೊಗೆ ಅಂದ್ರೆ ಕೆಮ್ಮೋಕೆ ಶುರು ಮಾಡ್ತಾರೆ.”

ಅವನಿಗೀಗ ಚಿತ್ರ ಬರೀ ಹಸಿರು ಮಬ್ಬು. ಅವಳ ತೋಳು ಹಿಡಿದು ಮೆಲ್ಲಗೆ ಕೇಳುತ್ತಾನೆ: “ಸವ್ವಿಶ್ನಾ, ಬೆಳಕು ಬಂದಿದೆಯಾ? ಆವತ್ತು ಇದ್ದ ಹಾಗೇ ಇದೆಯಾ?”

“ಆವತ್ತು ನಾನೆಲ್ಲಿ ನೋಡ್ದೆ ಮಾರಾಯ? ತಲೆ ಬಗ್ಗಿಸ್ಕೊಂಡು ಊದ್ತಾ ಇದ್ದೆ,” ಎನ್ನುತ್ತಾಳೆ ಅಜ್ಜಿ. “ಈಗ ನೋಡ್ತಿದೀನಿ. ಸ್ವಲ್ಪ ಹೊತ್ತು ಮಾತಾಡಿಸ್ಬೇಡ.”