ಪಾಲಾದ ವಿಲಾಯಿತಿ ಗಾಡಿ

ಅಪ್ಪನ ತಿಥಿಯ ದಿನ, ಕೊನೆಯ ಪಂಕ್ತಿಯ ಎಲೆ ಎತ್ತುವ ಮೊದಲೇ ಚಿಕ್ಕಪ್ಪ ಕೊಟ್ಟಿಗೆ ಪಕ್ಕದ ಚಪ್ಪರಕ್ಕೆ ಹೋಗಿ ಮೋಟಾರ್ ಸೈಕಲ್ಲಿನ ಮೇಲೆ ಹೊದಿಸಿದ್ದ ಟಾರ್ಪಾಲನ್ನು ಎಳೆದು ಹಾಕಿದ. ಅವನ ಜೊತೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನವನೊಬ್ಬ ಇದ್ದ. ಮೈಸೂರು ರಸ್ತೆಯಲ್ಲಿ ಹೊಸ ಹೋಟೆಲ್ ಕಟ್ಟಿಸುತ್ತಿದ್ದವನಂತೆ. ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದು ಓಡೋದು ಬೇಡ. ಬಾಗಿಲ ಮುಂದೆ ನಿಂತಿದ್ರೆ ಸಾಕು," ಎಂದ.

ಆ ಮಾತು ನನಗೆ ಹಿಡಿಸಲಿಲ್ಲ. ಕೈ ತೊಳೆಯುತ್ತಿದ್ದವಳು ಹಾಗೇ ಹೋಗಿ ಟಾರ್ಪಾಲನ್ನು ಮತ್ತೆ ಹೊದಿಸಿದೆ.

ಅದು ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ. ಮಿಲಿಟರಿಯವರು ಹರಾಜು ಹಾಕಿದಾಗ ಅಪ್ಪ ಹಿಡಿದಿದ್ದು. ಅಪ್ಪ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಕನಕಪುರದಿಂದ ದೊಡ್ಡಆಲಹಳ್ಳಿಯ ಕಡೆಗೆಲ್ಲ ದನಗಳಿಗೆ ಸೂಜಿ ಹಾಕಲು ಅದರಲ್ಲೇ ತಿರುಗುತ್ತಿದ್ದ. ಸರ್ಕಾರಿ ನೌಕರ ಗಾಡಿ ಕೊಳ್ಳಬೇಕಾದರೆ ಇಲಾಖೆಯ ಅಪ್ಪಣೆ ಕೇಳಬೇಕಿತ್ತು. ಆ ರಗಳೆ ಬೇಡವೆಂದು ತಮ್ಮನ ಹೆಸರಿಗೆ ಮಾಡಿಸಿದ್ದ. ಚಿಕ್ಕಪ್ಪ ಮಾಗಡಿಗೆ ಹೋಗಿ ನೆಲೆಸಿದಾಗ ಗಾಡಿಯ ನೋಂದಣಿ ಬುಕ್ಕೂ ಅವನ ಟ್ರಂಕಿನಲ್ಲೇ ಹೋಯಿತು.

"ನೀನು ಹೆಣ್ಮಗ. ಇದುನ್ನ ಮಡಿಕೊಂಡು ಏನ್ಮಾಡೀಯೆ?" ಅಂದ ಚಿಕ್ಕಪ್ಪ.

"ಓಡುಸ್ತೀನಿ."

"ನಿಮ್ಮಪ್ಪುಂಗೇ ಕೊನೆ ಆರು ವರ್ಷ ಓಡ್ಸಕ್ಕಾಗ್ನಿಲ್ಲ."

ಅವ್ವ ನನ್ನ ಪರ ನಿಲ್ಲುತ್ತಾಳೆಂದುಕೊಂಡಿದ್ದೆ. ಅವಳು ಒಳಗಿನಿಂದಲೇ, "ತಕ್ಕೊಂಡೋಗ್ಲಿ ಬುಡು. ನನ್ನ ಮಾತಾಡುಸ್ದೆ ಇದ್ದೋನು ಅದುನ್ನ ದಿನಾ ಒರುಸ್ತಿದ್ದ," ಎಂದಳು. ಅವ್ವನಿಗೆ ಆ ಗಾಡಿಯೆಂದರೆ ಸವತಿಯ ಮೇಲಿನಷ್ಟೇ ಸಿಟ್ಟು. ಅದರಿಂದ ಬಿದ್ದು ಅಪ್ಪ ಕಾಲು ಮುರಿದುಕೊಂಡಾಗ ಆರು ತಿಂಗಳು ಅವನನ್ನು ಎತ್ತಿ ಕೂರಿಸಿದವಳು ಅವಳು.

ನಾನಾಗ ಹಾರೋಹಳ್ಳಿಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಸುತ್ತಲಿನ ರಾಗಿ ಹೊಲಗಳಿಗೆ ತಂತಿ ಬೇಲಿ ಬಿದ್ದು ಶೆಡ್ಡುಗಳು ಏಳುತ್ತಿದ್ದ ಕಾಲ. ಚಿಕ್ಕಪ್ಪ ಇನ್ನೊಂದು ದಿನ ಬಂದು ಒಯ್ಯುತ್ತೇನೆಂದು ಹೇಳಿ ಹೋಗಿದ್ದ. ವಾರದ ರಜೆ ಬಂದಾಗ ಒಂದು ಟೆಂಪೋ ಮಾಡಿಕೊಂಡು, ಚಿಕ್ಕಪ್ಪನಿಗೆ ಹೇಳದೆ ಗಾಡಿಯನ್ನು ರಾಮನಗರಕ್ಕೆ ಸಾಗಿಸಿದೆ. ಅಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ ಒಬ್ಬ ವಯಸ್ಸಾದ ಸಾಬರು ಹಳೆಯ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದರು. ರೇಷ್ಮೆ ಹುಳು ಬೇಯಿಸುವ ವಾಸನೆ ಅಂಗಡಿಯೊಳಗೂ ನುಗ್ಗುತ್ತಿತ್ತು.

ಸಾಬರು ಕಿಕ್ಕರ್ ಮೇಲೆ ಕಾಲಿಟ್ಟು ನೋಡಿದರು. ಅದು ಅಲುಗಲಿಲ್ಲ.

"ಪಿಸ್ಟನ್ ಹಿಡ್ಕೊಂಡೈತೆ. ಇದರ ಸಾಮಾನು ಇಲ್ಲಿ ಸಿಗಲ್ಲಮ್ಮ. ನಿನಗೆ ಶೋಗೆ ಬೇಕಾ, ಓಡ್ಸಕ್ ಬೇಕಾ?"

"ಓಡ್ಸಕ್ಕೆ."

"ಹಂಗಾದ್ರೆ ಬೇರೆ ಗಾಡಿ ಸಾಮಾನು ಹಾಕ್ತೀನಿ. ಆಮೇಲೆ ಇದು ವಿಲಾಯಿತಿ ಗಾಡಿ ಅಂತ ಬಂದು ಜಗಳ ಆಡ್ಬಾರ್ದು. ಮಾರೋದಾದ್ರೆ ಮಾತ್ರ ಹೀಗೇ ಮಾರು, ನಾನು ಮುಟ್ಟಲ್ಲ."

ಒಂದು ವಾರ ಯೋಚಿಸಿದೆ. ಮಾರಿಬಿಟ್ಟರೆ ಅವ್ವನಿಗೆ ನೆಮ್ಮದಿ. ಹಾಗೇ ಇಟ್ಟುಕೊಂಡರೆ ಚಿಕ್ಕಪ್ಪ ಇನ್ನೊಂದು ದಿನ ಬಂದು ಟಾರ್ಪಾಲು ಎಳೆಯುತ್ತಾನೆ. ಕೊನೆಗೆ, ಓಡುವ ಗಾಡಿಯನ್ನು ಅವನ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯಬೇಕು ಅನ್ನುವ ಆಸೆಯೇ ಗೆದ್ದಿತು. ಸಾಬರಿಗೆ ಕೆಲಸ ಶುರು ಮಾಡಲು ಹೇಳಿದೆ.

ಮೂರು ತಿಂಗಳಾಯಿತು. ಒಂದು ಭಾನುವಾರ ಎಂಜಿನ್ನು ಅರ್ಧ ನಿಮಿಷ ಓಡಿತು. ಅಪ್ಪ ಕೆರೆ ಏರಿಯ ಮೇಲೆ ಬರುವಾಗ ಮನೆಯವರೆಗೂ ಕೇಳುತ್ತಿದ್ದ ಸದ್ದು. ಸಾಬರ ಮುಂದೆ ಅಳಬಾರದೆಂದು ಹೊರಗೆ ಹೋಗಿ ನಿಂತೆ.

ಯಾರಿಂದ ಸುಳಿವು ಸಿಕ್ಕಿತ್ತೋ, ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಚಿಕ್ಕಪ್ಪ ಇಬ್ಬರು ಆಳುಗಳ ಜೊತೆ ಅಂಗಡಿಯಲ್ಲಿದ್ದ. ಕೈಯಲ್ಲಿ ಗಾಡಿಯ ಬುಕ್ಕು.

"ನನ್ನ ಹೆಸ್ರಲ್ಲಿರೋ ಗಾಡಿಯ ಕದ್ಕೊಂಡು ಬಂದಿದ್ದೀಯಲ್ಲ. ನಿಮ್ಮಪ್ಪ ಕಲ್ಸಿದ್ದು ಇದೇನಾ?"

"ಅಪ್ಪನ ಹೆಸರು ಎತ್ತಬ್ಯಾಡ. ಅವನು ಆಸ್ಪತ್ರೇಲಿ ಮಲಗಿದ್ದಾಗ ನೀನು ಒಂದಿನ ಬರ್ನಿಲ್ಲ."

"ಮಾತು ಸಾಕು. ಲೋ, ತಳ್ರೋ ಗಾಡಿಯ."

ಸಾಬರು ಅಡ್ಡ ನಿಂತರು. "ನನ್ನ ಅಂಗಡೀಲಿ ತಳ್ಳಾಟ ಬೇಡ. ಬುಕ್ ಕೊಡಿ, ನಂಬರ್ ನೋಡೋಣ." ಬಟ್ಟೆಯಿಂದ ಗ್ರೀಸ್ ಒರೆಸಿ ಓದಿದರು. ಚಾಸಿಯ ನಂಬರ್ ಬುಕ್ಕಿನಲ್ಲಿದ್ದದ್ದೇ. ಎಂಜಿನ್ನಿನದು ಬೇರೆ.

ನನಗೆ ಚನ್ನಪಟ್ಟಣ ನೆನಪಾಯಿತು. ಸಣ್ಣವಳಿದ್ದಾಗ ಅಪ್ಪ ಒಬ್ಬ ಗೊಂಬೆ ಮಾಡುವವರ ಮನೆಗೆ ಕರೆದುಕೊಂಡು ಹೋಗಿದ್ದ. ಅವರ ಅಂಗಳದಲ್ಲಿ ಇದೇ ಮಾದರಿಯ ಮುರುಕು ಗಾಡಿ ಬಿದ್ದಿತ್ತು. ನನ್ನ ಕೈಗೆ ಬಣ್ಣದ ಬುಗುರಿ ಕೊಟ್ಟು, ಅದರ ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಅಪ್ಪನಿಗೆ ಕೊಟ್ಟಿದ್ದರು. ಅಪ್ಪ ಅದನ್ನೇ ನಮ್ಮ ಗಾಡಿಗೆ ಕೂರಿಸಿದ್ದ. ಅವರು ಬರೆದುಕೊಟ್ಟ ಮಾರಾಟದ ಚೀಟಿಯನ್ನು ಅಪ್ಪ ಎಸೆದಿರಲಿಲ್ಲ. ಒಂದು ದಿನ ಗಾಡಿಯನ್ನು ಅಂಗಡಿಯಲ್ಲೇ ಬಿಡಲು ಸಾಬರು ಚಿಕ್ಕಪ್ಪನನ್ನು ಒಪ್ಪಿಸಿದರು. ಮಾರನೆಯ ದಿನ ಆ ಚೀಟಿಯನ್ನು ತಂದು ಅವನ ಮುಂದೆ ಹಿಡಿದೆ. ಅಪ್ಪನ ಹೆಸರು, ಎಂಜಿನ್ನಿನ ನಂಬರು, ಎರಡೂ ಇದ್ದವು.

ಚಿಕ್ಕಪ್ಪ ಅದನ್ನು ಎರಡು ಸಲ ಓದಿದ. "ಸರಿ. ಎಂಜಿನ್ ನಿಂದೇ ಅನ್ಕೊ. ಮಿಕ್ಕಿದ್ದು ನಂದು. ಬಿಚ್ಚಿ ಸಾಬ್ರೆ."

ಸಾಬರು ನನ್ನನ್ನು ನೋಡಿದರು. "ಬಿಚ್ಚಿದ್ರೆ ಇಬ್ರಿಗೂ ಗಾಡಿ ಇರಲ್ಲಮ್ಮ. ಒಸಿ ಯೋಚ್ನೆ ಮಾಡಿ."

ಇಬ್ಬರಲ್ಲಿ ಒಬ್ಬರು ಬೇಡ ಅಂದಿದ್ದರೆ ಸಾಕಿತ್ತು. ಅವನು ಅನ್ನಲಿಲ್ಲ. ನಾನು, "ಬಿಚ್ಚಿ," ಅಂದೆ.

ಸಾಬರು ಸಂಜೆಯವರೆಗೆ ಬಿಚ್ಚಿದರು. ಮೂರು ತಿಂಗಳ ತಮ್ಮ ಕೆಲಸವನ್ನು ತಾವೇ ಕಳಚಿ ನೆಲದ ಮೇಲಿಟ್ಟರು. "ಇನ್ನು ಮುಂದೆ ಇಬ್ಬರೂ ನನ್ನ ಅಂಗಡಿಗೆ ಬರಬೇಡಿ," ಎಂದರು. ಎಂಜಿನ್ನಿಲ್ಲದ ಗಾಡಿಯನ್ನು ಚಿಕ್ಕಪ್ಪನ ಆಳುಗಳು ಎತ್ತಿ ಟೆಂಪೋಗೆ ಹಾಕಿದಾಗ ಅದು ಎಷ್ಟು ಹಗುರವಾಗಿತ್ತೆಂದರೆ, ಅವರಲ್ಲೊಬ್ಬ ನಕ್ಕುಬಿಟ್ಟ.

ಎಂಜಿನ್ನು ಮನೆಗೆ ಬಂತು. ಅವ್ವ ನೋಡಿ, "ಇಬ್ರಿಗೂ ಸಮಾಧಾನ ಆಯ್ತಾ?" ಎಂದಳು. ನಡುಮನೆಯ ಮೂಲೆಯಲ್ಲಿ ಅದಕ್ಕೊಂದು ಹಲಗೆ ಹಾಕಿದೆ.

ಹೋಟೆಲ್ ಮುಂದೆ ನಿಂತ ಗಾಡಿಯನ್ನು ಬಸ್ಸಿನಿಂದ ಒಮ್ಮೆ ಕಂಡೆ. ಎಂಜಿನ್ನಿರುವ ಜಾಗಕ್ಕೆ ಬೆಳ್ಳಿ ಬಣ್ಣ ಬಳಿದ ತಗಡಿನ ಡಬ್ಬ ಕೂರಿಸಿದ್ದರು. ಯಾರೋ ಗಂಡ ಹೆಂಡತಿ ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಸಂಕಟವಾಗಲಿಲ್ಲ, ಹೊಟ್ಟೆಯುರಿಯಿತು. ಅಪ್ಪನ ಕೈಗೆ ನಾವಿಬ್ಬರೂ ಸಿಕ್ಕಿದ್ದರೆ ಇಬ್ಬರಿಗೂ ಬಾರಿಸುತ್ತಿದ್ದ ಎಂಬುದೂ ಗೊತ್ತಿತ್ತು.

ಹಳೆಯ ಗಾಡಿ ಕೂಡಿಹಾಕುವ ಬೆಂಗಳೂರಿನವರೊಬ್ಬರು ಎಂಜಿನ್ನನ್ನು ಕೇಳಿಕೊಂಡು ಬಂದರು. ಕೊಡಲ್ಲ ಅಂದೆ. "ತಂದೆ ಮೇಲೆ ಪ್ರೀತಿ," ಎಂದು ತಾವೇ ತಲೆಯಾಡಿಸಿಕೊಂಡು ಹೋದರು. ಪ್ರೀತಿ ಇತ್ತು, ನಿಜ. ಆದರೆ ತಿಂಗಳಿಗೊಮ್ಮೆ ಅದರೊಳಗೆ ಎಣ್ಣೆ ಬಿಟ್ಟು ಸ್ಪ್ಯಾನರ್ ಹಾಕಿ ತಿರುಗಿಸುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಚಿಕ್ಕಪ್ಪನ ಮುಖ.

ಎರಡು ವರ್ಷದ ಮೇಲೆ ಕನಕಪುರದ ಒಂದು ಮದುವೆಯಲ್ಲಿ ಅವನು ನನ್ನ ಎದುರಿನ ಎಲೆಗೆ ಬಂದು ಕೂತ. ಪಾಯಸ ಬಡಿಸುವವರೆಗೂ ತಲೆಯೆತ್ತಲಿಲ್ಲ.

"ಅದು ಐತಾ?" ಅಂದ.

"ಐತೆ."

"ತುಕ್ಕು ಹಿಡ್ದಿರ್ತದೆ."

"ಹಿಡಿಯಾಕ್ ಬುಟ್ಟಿಲ್ಲ."

ಅವನು ಪಾಯಸ ಮುಟ್ಟದೆ ಎಲೆ ಮಡಿಚಿ ಎದ್ದು ಹೋದ. ನಾನು ಪೂರ್ತಿ ಉಂಡು ಎದ್ದೆ.