ಗೋಡೆಯ ತಲೆ ಮೆತ್ತಿದವರು

ಹೋದ ತಿಂಗಳು ಸಂತೆಕಲ್ಲೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರು ಮನೆಯ ಹೆಂಗಸು ಮಣ್ಣು, ಸಗಣಿ, ಹೊಟ್ಟು ಕಲೆಸಿ ಗೋಡೆಗೆ ಮೆತ್ತುತ್ತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮಸ್ಕಿಯ ಮನೆಯ ಖರೀದಿಪತ್ರ ಬರೆಯಲು ಬಂದಿದ್ದ ಮುನ್ಶಿಯವರು ಕಣ್ಣ ಮುಂದೆ ನಿಂತರು...

ನಿಜಾಮರ ಆಡಳಿತ ಮುಗಿದು ನಾಲ್ಕೈದು ವರ್ಷವಾಗಿತ್ತು. ಸಿಂಧನೂರಿನ ಕಡೆ ಕಾಲುವೆ ನೀರು ಬರುತ್ತದೆ ಎಂದು ಎಲ್ಲರ ಬಾಯಲ್ಲೂ ಮಾತು. ಮನೆ ಮಾರಿ ದಢೇಸುಗೂರಿನಲ್ಲಿ ಹೊಲ ಕೊಳ್ಳಬೇಕೆಂದು ಅಪ್ಪ ಹಟ ಹಿಡಿದಿದ್ದರು. ಕೊಳ್ಳಲು ಬಂದವನು ಒಬ್ಬ ಬಟ್ಟೆ ವ್ಯಾಪಾರಿ. ಪೂರ್ವದ ಗೋಡೆಯ ಮೇಲೆ ತೊಲೆ ಕೂರಿಸಿ ಮಹಡಿ ಎಬ್ಬಿಸುವುದು ಅವನ ಆಸೆ. ಗೋಡೆಯ ಆಚೆ, ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಗಂಡನಿಲ್ಲದ ಮುದುಕಿ ಒಬ್ಬಳೇ ಇದ್ದಳು. ಆ ಹಳೆಯ ಮಣ್ಣಿನ ಗೋಡೆ ಮಹಡಿಯ ಭಾರಕ್ಕೆ ಕುಸಿದರೆ ಅವಳ ಮನೆಯೂ ಹೋದಂತೆಯೇ. ಅವಳೋ ಮಗಳ ಬಾಣಂತನಕ್ಕೆಂದು ಗಣಿಯೂರಾದ ಹಟ್ಟಿಗೆ ಹೋಗಿದ್ದಳು.

ಮುನ್ಶಿಯವರು ಲಿಂಗಸುಗೂರಿನವರು. ನಮ್ಮ ಹಳೆಯ ಕಾಗದ ಉರ್ದುವಿನಲ್ಲಿತ್ತು. ಓದಿ ಮಡಿಸಿಟ್ಟರು. ಪೂರ್ವಕ್ಕೆ ಯಾರ ಮನೆ ಎಂದಿತ್ತೇ ಹೊರತು ಗೋಡೆ ಯಾರದೆಂದು ಅದರಲ್ಲಿ ಇರಲಿಲ್ಲ.

"ನಾಕೂ ಗ್ವಾಡಿ ನಮ್ಮವ ಅದಾವ, ಬರೀರಿ," ಎಂದರು ಅಪ್ಪ.

ಅಪ್ಪ ಸುಳ್ಳು ಹೇಳಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ನಮ್ಮ ಕಡೆ ಗೋಡೆಯ ಮೈಯನ್ನು ಅವರವರ ಮಗ್ಗುಲಿಗೆ ಅವರವರು ಮೆತ್ತುತ್ತಾರೆ. ಆದರೆ ಮಳೆಗಾಲಕ್ಕೆ ಮುಂಚೆ ಗೋಡೆಯ ತಲೆ, ಅಂದರೆ ಮೇಲಂಚು, ಮೆತ್ತುವವರು ಯಾರೋ ಅವರೇ ಗೋಡೆಯ ಒಡೆಯರು. ಅದು ಹೆಂಗಸರ ಕೆಲಸ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವ ಗಂಡಸರಿಗೆ ಅದೆಲ್ಲಿಂದ ತಿಳಿಯಬೇಕು?

ಮುನ್ಶಿಯವರು ಅಡುಗೆಮನೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು. "ಮಳಿಗಾಲಕ್ಕ ಮೊದ್ಲ ಈ ಪೂರ್ವದ ಗ್ವಾಡಿ ತಲಿ ಯಾರು ಮೆತ್ತತೀರಿ ಅವ್ವಾ?"

ಅವ್ವ ಅಪ್ಪನ ಮುಖ ನೋಡಿ ಒಲೆಯ ಕಡೆ ತಿರುಗಿದಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆಗ ನನಗೆ ಹತ್ತೊಂಬತ್ತು, ಬಾಯಿ ಮಾತ್ರ ನಲವತ್ತರದು.

"ನಾವು ಮೆತ್ತಂಗಿಲ್ರೀ. ಬಾಜೂಮನಿ ದೊಡ್ಡವ್ವ ಮೆತ್ತತಾಳ. ಗ್ವಾಡಿ ಆಕೀದು."

ಮುನ್ಶಿಯವರು ಲೇಖನಿಗೆ ಮುಚ್ಚಳ ಹಾಕಿದರು. ವ್ಯಾಪಾರಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. "ಕೈಗೆ ಬಂದದ್ದು ಬಾಯಿಗಿಲ್ಲದಂಗ ಮಾಡಿದೆಲ್ಲ ಬೇ," ಎಂದ ಅಪ್ಪ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. ನಾನು ಅತ್ತದ್ದು ನಿಜ. ಆದರೆ ಆಡಿದ್ದಕ್ಕೆ ಪಶ್ಚಾತ್ತಾಪವೇನೂ ಆಗಲಿಲ್ಲ.

ದಸರೆಯ ಹೊತ್ತಿಗೆ ಮುನ್ಶಿಯವರೇ ಇನ್ನೊಬ್ಬರನ್ನು ಕರೆತಂದರು. ಅವರು ಶಾಲೆಯ ಮೇಷ್ಟ್ರು, ಮಹಡಿಯ ಹಂಬಲ ಇಲ್ಲದವರು. ಪೂರ್ವದ ಗೋಡೆ ಬಾಜೂಮನೆಯವರದು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಾಯಿತು. ಸಾಕ್ಷಿಗೆ ನನ್ನನ್ನು ಕರೆದರು.

"ಹೆಣ್ಣಹುಡುಗಿ ಸಹಿ ಯಾಕ್ರೀ?" ಎಂದರು ಅಪ್ಪ.

"ಗ್ವಾಡಿ ಯಾರದಂತ ಹೇಳಿದಾಕಿ ಆಕಿ ಒಬ್ಬಾಕೀನ ಅದಾಳ್ರಿ," ಎಂದರು ಮುನ್ಶಿಯವರು.

ನಾನು ಸಹಿ ಹಾಕಿದೆ. ಆಮೇಲೆ ದಢೇಸುಗೂರಿನಲ್ಲಿ ಹೊಲವೂ ಆಯಿತು. ಬಂದವರೆದುರು ಆ ಸಹಿಯ ಕತೆಯನ್ನು ಅಪ್ಪನೇ ಹೇಳಿ ಬೀಗತೊಡಗಿದರು.

ಈಗ ಹಟ್ಟಿಯ ನನ್ನ ಮನೆ ಮಾರಾಟಕ್ಕಿದೆ. ನೋಡಲು ಬಂದ ಹುಡುಗನಿಗೆ, ಅವನು ಕೇಳದಿದ್ದರೂ, ಹಿತ್ತಲಿನ ಕಾಂಪೌಂಡು ಪಕ್ಕದವರು ಕಟ್ಟಿಸಿದ್ದು ಎಂದೆ.

"ಕಾಗದದಾಗ ಹಂಗ ಇಲ್ಲಲ್ರೀ ಅಮ್ಮಾ."

"ಅದಕ್ಕ ಹೇಳಾಕತ್ತೀನಪ್ಪ."

ಮದುವೆಯಾಗಿ ಹಟ್ಟಿಗೆ ಬಂದ ಮೇಲೆ ಲಿಂಗಸುಗೂರಿಗೆ ಎಷ್ಟು ಸಲ ಹೋಗಿದ್ದೇನೋ... ಮುನ್ಶಿಯವರ ಮನೆಯ ಮುಂದೆಯೇ ಹಾದುಹೋಗುತ್ತಿದ್ದೆ. ಅವರು ತೀರಿಕೊಂಡದ್ದು ತಿಳಿಯುವಷ್ಟರಲ್ಲಿ ವರ್ಷವೇ ಕಳೆದಿತ್ತು. ಮನೆಯಲ್ಲಿ ಯಾರೂ ಕೇಳದ ನನ್ನ ಮಾತನ್ನು ಮೊದಲು ನಂಬಿದವರು ನೀವು ಎಂದು ಒಂದು ಸಲ ಒಳಗೆ ಹೋಗಿ ಹೇಳಬೇಕಿತ್ತು. ಇಷ್ಟು ದೊಡ್ಡ ಬಾಯಿಯವಳು, ಅದೊಂದನ್ನು ಹೇಳಲಿಲ್ಲ.