ದಿನ ಮೊದಲು, ತಿಂಗಳು ಆಮೇಲೆ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಅಕ್ಕನಿಗೆ ಎಲ್ಲರೂ ಇಟ್ಟ ಹೆಸರು 'ಮುಚ್ಚಿ ತೆಗಿ'. ಕಂಪ್ಯೂಟರುಗಳಲ್ಲಿ ಯಾವ ಸೆಟ್ಟಿಂಗ್ ಬದಲಾದರೂ ಆಕೆ ಮೂರು ಮಹಡಿ ಸುತ್ತಿ, ಒಂದೊಂದು ಮೇಜಿನ ಮುಂದೆಯೂ ನಿಂತು, "ಆ ಪ್ರೋಗ್ರಾಂ ಒಂದ್ಸಲ ಮುಚ್ಚಿ ತೆಗೀರಿ" ಎನ್ನುತ್ತಾಳೆ. ಮುಚ್ಚಿ ತೆಗೆಯುವವರೆಗೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. "ಕೂತಲ್ಲೇ ಆಗೋ ಕೆಲಸಕ್ಕೆ ಮಂಡಿ ಯಾಕೆ ಸವೆಸ್ತೀಯಾ ತಾಯಿ" ಎಂದು ನರ್ಸುಗಳು ರೇಗಿಸುತ್ತಾರೆ. ಆಕೆ ನಗುವುದಿಲ್ಲ. ಅದಕ್ಕೆ ಹನ್ನೊಂದು ವರ್ಷ ಹಳೆಯ ಕಾರಣವಿದೆ.

ಅಲ್ಲಿಯವರೆಗೆ ಆಸ್ಪತ್ರೆಯ ಕಂಪ್ಯೂಟರುಗಳು ತಾರೀಖಿನಲ್ಲಿ ತಿಂಗಳನ್ನು ಮೊದಲು ಹಾಕುತ್ತಿದ್ದವು. ಇನ್ನು ದಿನ ಮೊದಲು, ತಿಂಗಳು ಆಮೇಲೆ ಎಂದು ಮೇಲಿನವರು ತೀರ್ಮಾನಿಸಿ ಗೋಡೆಗೆಲ್ಲ ನೋಟಿಸು ಅಂಟಿಸಿದರು. ಅಕ್ಕ ಕುರ್ಚಿ ಬಿಟ್ಟೇಳದೆ ಎಲ್ಲ ಕಂಪ್ಯೂಟರುಗಳ ಸೆಟ್ಟಿಂಗನ್ನೂ ಬದಲಾಯಿಸಿದಳು. ಹಾಗೆ ಮಾಡಿದಾಗ ತೆರೆದಿರುವ ಎಲ್ಲ ಪ್ರೋಗ್ರಾಂಗಳಿಗೂ 'ಸೆಟ್ಟಿಂಗ್ ಬದಲಾಗಿದೆ' ಎಂಬ ಸಂದೇಶ ತಾನಾಗಿಯೇ ಹೋಗುತ್ತದೆ. ನೆಟ್ಟಗಿರುವ ಪ್ರೋಗ್ರಾಂ ಅದನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ನೆಲಮಹಡಿಯಲ್ಲಿ ರೋಗಿಗಳಿಗೆ ಮುಂದಿನ ತಾರೀಖಿನ ಚೀಟಿ ಕೊಡುವ ಹಳೆಯ ಪ್ರೋಗ್ರಾಂ ಮಾತ್ರ ಇಂಥದ್ದನ್ನೆಲ್ಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ತೆರೆಯುವಾಗ ಓದಿದ ಸೆಟ್ಟಿಂಗೇ ಅದಕ್ಕೆ ಕೊನೆ, ಮುಚ್ಚಿ ತೆಗೆದರಷ್ಟೇ ಹೊಸದು. ಅಲ್ಲಿನ ಗುಮಾಸ್ತನೋ ಅದನ್ನು ವಾರಗಟ್ಟಲೆ ಮುಚ್ಚದ ಆಸಾಮಿ. ಇದೆಲ್ಲ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಊಟ ಮುಗಿಸಿ ಕೆಳಗೆ ಹೋದರಾಯಿತು ಅಂದುಕೊಂಡಳು. ಹೋದದ್ದು ಮರುದಿನ ಬೆಳಿಗ್ಗೆ.

ಅಷ್ಟರಲ್ಲಿ ತಿಂಗಳು ಮೊದಲಿರುವ ಹತ್ತೊಂಬತ್ತು ಚೀಟಿಗಳು ಹೊರಗೆ ಹೋಗಿದ್ದವು. ಹದಿನೆಂಟು ಮಂದಿಗೆ ಫೋನು ಮಾಡಿ ಸರಿಯಾದ ದಿನ ತಿಳಿಸಿದಳು. ಒಬ್ಬಳ ಫೋನು ಮಾತ್ರ ಎರಡು ದಿನವೂ ಸಿಗಲಿಲ್ಲ. ಮೂರನೆಯ ದಿನ ಅಕ್ಕ ಪ್ರಯತ್ನಿಸಲೇ ಇಲ್ಲ.

ಫೋನಿಗೆ ಸಿಗದ ಆಕೆ ಬಟ್ಟೆ ಹೊಲಿದು ಮಗಳನ್ನು ಸಾಕಿದ ಹೆಂಗಸು. ಎದೆಯಲ್ಲೊಂದು ಗಂಟು. ಡಾಕ್ಟರು ಗೊತ್ತುಮಾಡಿದ್ದು ಮೇ ಆರು. ಚೀಟಿಯಲ್ಲಿ ಬಂದದ್ದು 05/06. ಗೋಡೆಯ ನೋಟಿಸನ್ನು ಅಕ್ಷರ ಬಿಡದೆ ಓದಿಕೊಂಡಿದ್ದ ಹೊಲಿಗೆಯಾಕೆ ಜೂನ್ ಐದಕ್ಕೆ ಬಂದಳು. "ಒಂದು ತಿಂಗಳು ತಡ ಮಾಡಿದ್ರಲ್ಲಮ್ಮ" ಎಂದರು ಡಾಕ್ಟರು. ಆ ವರ್ಷ ದಾಟುವುದು ಕಷ್ಟ ಎಂಬುದು ಅವರ ಮುಖದಲ್ಲೇ ಇತ್ತು.

ವಾರ್ಡಿನ ಪಟ್ಟಿಯಲ್ಲಿ ಆ ಹೆಸರು ಅಕ್ಕನ ಕಣ್ಣಿಗೆ ಬಿತ್ತು. ಓಡಿಹೋಗಿ ತನ್ನ ಮೇಲಧಿಕಾರಿಗೆ ಹೇಳಿದಳು. ಆತ ಬಾಗಿಲು ಹಾಕಿ, "ಯಾರಿಗೂ ಗೊತ್ತಿಲ್ಲ ತಾನೆ? ಬಾಯಿ ಮುಚ್ಕೊಂಡಿರು. ಕೆಲಸ ಹೋದೀತು" ಎಂದ. ಅಕ್ಕ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು, ದೊಡ್ಡ ಮಾತು ಬೇಡ.

ಒಂಬತ್ತನೆಯ ದಿನ ವಾರ್ಡಿನ ಮುಂದೆ ಹೋಗುವಾಗ ಮಗಳ ದನಿ ಕೇಳಿಸಿತು. "ಒಂದು ತಾರೀಖು ಓದೋಕೆ ಬರಲ್ವಾ ನಿಂಗೆ? ಕೈಯಾರೆ ತಂದ್ಕೊಂಡೆ!"

"ಹೌದು ಕಣೆ, ನಂದೇ ತಪ್ಪು" ಎಂದಳು ತಾಯಿ.

ಸಾಯುವವಳ ತಲೆಗೆ ತನ್ನ ತಪ್ಪು ಕಟ್ಟಿ ತಾನು ಸುಖವಾಗಿರುವುದು ಅಕ್ಕನಿಂದ ಇನ್ನು ಆಗಲಿಲ್ಲ. ಮಗಳು ನೀರು ತರಲು ಹೋದ ಕೂಡಲೇ ಒಳಗೆ ಹೋಗಿ ಹಾಸಿಗೆಯ ಪಕ್ಕ ನಿಂತಳು.

"ಅಮ್ಮಾ, ಚೀಟಿನೇ ತಪ್ಪಾಗಿತ್ತು. ನಾನು ಆವತ್ತೇ ಕೆಳಗೆ ಬಂದು ಸರಿಮಾಡ್ಬೇಕಿತ್ತು, ಬರಲಿಲ್ಲ. ನಿಮಗೆ ಫೋನು ಮಾಡೋದನ್ನೂ ಬಿಟ್ಬಿಟ್ಟೆ. ತಪ್ಪೆಲ್ಲ ನಂದು." ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ಹೊಲಿಗೆಯಾಕೆ ಅಕ್ಕನತ್ತ ಮುಖ ತಿರುಗಿಸಿದಳು. ಬೈಗುಳಕ್ಕೆ ಅಕ್ಕ ಸಿದ್ಧಳಾಗಿದ್ದಳು.

"ಹಾಗಾದ್ರೆ ನಾನು ಓದಿದ್ದು ಸರಿನಾ?"

"ಸರಿ ಅಮ್ಮಾ. ನೀವು ಸರಿಯಾಗೇ ಓದಿದ್ರಿ."

"ಹೋಗ್ಬೇಡ. ನನ್ನ ಮಗಳು ಬರಲಿ. ಅವಳೆದುರಿಗೆ ಇನ್ನೊಂದ್ಸಲ ಹೇಳು."

ಮಗಳು ಬಂದಳು. ಅಕ್ಕ ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿದಳು. ಅವಳು ಅಕ್ಕನನ್ನು ಬೈಯಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ನೀರಿನ ಬಾಟಲಿ ಹಿಡಿದುಕೊಂಡೇ ಅಮ್ಮನ ಕಾಲ ಬಳಿ ಕೂತು ಅಳತೊಡಗಿದಳು. ತಾಯಿ ನಿಧಾನವಾಗಿ ಕೈಚಾಚಿ ಅವಳ ತಲೆ ಮುಟ್ಟಿದಳು.

"ಅಳಬೇಡ್ವೇ. ನಂಗೆ ಓದೋಕೆ ಬರುತ್ತೆ."